ಗಡಿಯಾರ ಎಲ್ಲಿಡಬೇಕು

ಕೊಳದಲ್ಲಿ ಒಟ್ಟು ಮೂವತ್ತು ಕನೆಕ್ಷನ್ನು.
ಕೊಳ ಅಂತ ಹೆಸರು ಮಾತ್ರ, ನೀರಿಲ್ಲ, ಮೀನಿಲ್ಲ.
ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಸೇರಿದ ಮೂವತ್ತು ಬಕೆಟ್ಟು
ಅಂತಿಟ್ಟುಕೊಳ್ಳಿ:
ಬಂದವರು ಎತ್ತಿಕೊಳ್ಳಬೇಕು, ಸೇದಬೇಕು,
ಇದ್ದಲ್ಲೇ ಇಟ್ಟು ಹೋಗಬೇಕು.
ಎಲ್ಲವೂ ಯಾರ ಕೈಯಲ್ಲೋ ಇದ್ದರೆ
ನಿಲ್ಲಬೇಕು.

ಮುಹು ದ್ವೀಪದಿಂದ ಈಚೆ ದಡಕ್ಕೆ ಬರುವ ಹಡಗಿಗೆ
ಟಿಕೆಟ್ಟು ಕೊಡುವ ತಂತ್ರಾಂಶ ನಮ್ಮದು.
ಟಾಲಿನ್ನಿನಲ್ಲಿ ಮೂರನೆಯ ಮಹಡಿ, ನವೆಂಬರ್,
ಸಂಜೆ ನಾಲ್ಕಕ್ಕೇ ಕಾವಳ.
ಗೋಡೆಯ ಮೇಲಿನ ಗ್ರಾಫು ಒಂದೇ ಹಚ್ಚಹಸಿರು.
"ಕಾಯುವ ಹೊತ್ತು, ಸರಾಸರಿ ನಾಲ್ಕು ಮಿಲಿಸೆಕೆಂಡು"
ಎನ್ನುತ್ತಾನೆ ತಾರ್ಮೋ, ಕಾಫಿ ಕಲಕುತ್ತ,
ಕೂಸಿನ ತೂಕ ಹೇಳುವ ಅಪ್ಪನ ಹಾಗೆ.

ಫೋನು. ಮುಹುವಿನ ಏಂಡೆಲ್ ಎಂಬ ಮುದುಕ.
ದನಿಯಲ್ಲಿ ಉಪ್ಪು.
"ನಿಮ್ಮದೊಂದು ಚಕ್ರ ತಿರುಗುತ್ತಲೇ ಇದೆಯಮ್ಮ.
ಹೋಗಿ ಮೀನಿಗೆ ಹೊಗೆ ಹಾಕಿ ಬಂದೆ,
ಇನ್ನೂ ತಿರುಗುತ್ತಿದೆ.
ನಾಳೆ ಎಂಟಕ್ಕೆ ಕಣ್ಣಿನ ಡಾಕ್ಟರು, ಆಚೆ ದಡದಲ್ಲಿ."
ಗ್ರಾಫು ನೋಡಿದೆ. ನಾಲ್ಕು.
"ನಮ್ಮ ಕಡೆ ಎಲ್ಲ ಸರಿಯಾಗಿದೆ" ಎಂದೆ.
"ನಿಮ್ಮ ಕಡೆ ಅಂದರೆ ಯಾವ ಕಡೆ?" ಎಂದ.
ಅಣಕವಲ್ಲ. ದ್ವೀಪದವರು ಹಾಗೆಯೇ ಕೇಳುವುದು.

ಎಲ್ಲರೂ ಮನೆಗೆ ಹೋದ ಮೇಲೆ ಕೋಡು ತೆರೆದೆ.
ಕನೆಕ್ಷನ್ನು ಕೈಗೆ ಬಂದ ಮೇಲೆ
ಗಡಿಯಾರ ಶುರು!
ಬಡಿಸಿಕೊಂಡು ಕೂತವನನ್ನು ಹಿಡಿದು
ಎಷ್ಟು ಹೊತ್ತಿನ ಹಸಿವು ಎಂದು ಕೇಳಿ
ಬರೆದುಕೊಂಡ ಹಾಗೆ.
ಬಾಗಿಲಾಚೆ ನಿಂತವನ ಹೊಟ್ಟೆ ಯಾರಿಗೆ ಗೊತ್ತು.
ಯಾರಪ್ಪ ಬರೆದವರು ಎಂದು ಹಿಂದೆ ಹಿಂದೆ ಹೋದರೆ
ಮಾರ್ಚ್ ಹನ್ನೊಂದು, ಮಧ್ಯಾಹ್ನ,
ವಿಲ್ವೆ ಕಾಸ್ಕ್ ಎಂದಿತ್ತು.
ನಾನೇ.

ಎರಡು ಸಾಲು ಮೇಲಕ್ಕೆತ್ತಿ ಇಟ್ಟೆ ಗಡಿಯಾರವನ್ನು.
ಅಷ್ಟೇ ಕೆಲಸ.
ಗೆರೆ ಎದ್ದು ನಿಂತಿತು, ಹೆಡೆಯ ಹಾಗೆ.
ಸರಾಸರಿ ಮುನ್ನೂರಾಯಿತು; ಆಗಲಿ,
ಸರಾಸರಿ ಎಂಬ ಹೆಸರಿನವರು ಯಾರೂ
ಹಡಗು ಹತ್ತುವುದಿಲ್ಲ.
ನೂರು ಜನರಲ್ಲಿ ತೊಂಬತ್ತೊಂಬತ್ತನೆಯವರನ್ನು ಕೇಳಿದೆ:
ಹನ್ನೊಂದು ಸೆಕೆಂಡು.
ಅದರಾಚೆ ಒಬ್ಬರು. ಅಲ್ಲೂ ಏಂಡೆಲ್ ಇರಲಿಲ್ಲ.

ಏಕೆಂದರೆ ಮೂವತ್ತು ಸೆಕೆಂಡು ಕಾದವರನ್ನು
ನಾವು ಸಾಕು ಹೋಗಿ ಎಂದು ಕಳಿಸುತ್ತೇವೆ,
ಮತ್ತು ಹಾಗೆ ಹೋದವರು
ಲೆಕ್ಕ ಬರೆಯುವ ಸಾಲಿನ ತನಕ ಬರುವುದೇ ಇಲ್ಲ.
ಸಿಕ್ಕವರಷ್ಟೇ ಕಾದವರು, ನಮ್ಮ ಪುಸ್ತಕದಲ್ಲಿ.
ಬರಿಗೈಯವರಿಗೂ ಒಂದು ಪುಟ ತೆರೆದೆ.
ಬೆಳಗಿನ ಜಾವಕ್ಕೆ ಇನ್ನೂರ ಹನ್ನೆರಡು.

ಬಕೆಟ್ಟುಗಳೆಲ್ಲ ಯಾರ ಬಳಿ ಎಂದು ಹುಡುಕಿದರೆ
ಹತ್ತೊಂಬತ್ತನ್ನು ಒಬ್ಬನೇ ಎತ್ತಿಟ್ಟುಕೊಂಡಿದ್ದ,
ಸೇದುವುದೂ ಇಲ್ಲ, ಇಳಿಸುವುದೂ ಇಲ್ಲ.
ಯಾರೆಂದು ನೋಡಿದೆ.
ಗೋಡೆಯ ಮೇಲೆ ಆ ಹಸಿರು ಗ್ರಾಫು ಬರೆಯುವ
ಪ್ರೋಗ್ರಾಮು.
ನಗು ಬಂತು, ಒಬ್ಬಳೇ ಇದ್ದೆ,
ಆದರೂ ಬಾಯಿಗೆ ಕೈ ಅಡ್ಡ ಹಿಡಿದೆ.

ಅದನ್ನು ನಿಲ್ಲಿಸಿದೆ. ಗೋಡೆ ಕಪ್ಪಾಯಿತು.
ಟಿಕೆಟ್ಟುಗಳು ದಡದಡ ಹೊರಟವು.

ಏಳು ಗಂಟೆಗೆ ಏಂಡೆಲ್‌ಗೆ ಫೋನು ಮಾಡಿದೆ,
ತಪ್ಪು ನನ್ನದೇ ಎಂದು ಹೇಳುವುದಿತ್ತು.
ಒಂಬತ್ತನೆಯ ರಿಂಗಿಗೆ ಎತ್ತಿದ.
ಹಿಂದೆ ಗಾಳಿ, ಕಡಲಹಕ್ಕಿಯ ಜಗಳ,
ಯಾರದೋ ಕಾರಿನ ರೇಡಿಯೋ.
ಟಿಕೆಟ್ಟಿಲ್ಲದವರ ಸಾಲಿನಲ್ಲಿದ್ದನಂತೆ, ರಾತ್ರಿಯೇ ಬಂದು,
ಮುಂದೆ ಇನ್ನೂ ಹದಿನೇಳು ಗಾಡಿ.
"ಎಷ್ಟು ಹೊತ್ತಿನಿಂದ ಕಾಯುತ್ತಿದ್ದೀರಿ?"
ನನ್ನ ಕೈಯಲ್ಲಿ ಪೆನ್ನಿತ್ತು.

"ಎಲ್ಲಿಂದ ಹೇಳಲಿ?" ಎಂದ.
"ಬಂದರಿಗೆ ಬಂದಾಗಿನಿಂದಲೋ,
ಮನೆ ಬಿಟ್ಟಾಗಿನಿಂದಲೋ,
ಬಲಗಣ್ಣಿಗೆ ಮಂಜು ಕವಿದು
ಈಗ..."

ಹಡಗು ಕೂಗಿತು. ಮಿಕ್ಕಿದ್ದು ಕೇಳಲಿಲ್ಲ.